ಕೈ ಕಟ್ಟಿ ಕುಳಿತರೆ ತಾಳ ಹಾಕುವುದು ಹೇಗೆ? ನಾಲ್ಕನೆಯ ತರಗತಿಯ ಸಂಗೀತ ಪಾಠದ ಒಂದು ಪ್ರಕರಣ

ಹಿನ್ನೆಲೆ

ಹಳೆ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದು ಶೈಕ್ಷಣಿಕ ವರ್ಷದ ಉದ್ದಕ್ಕೂ ನಡೆದ ಸಂಗತಿ ಇದು. ಶಾಲೆ ಯಾವುದು, ಶಿಕ್ಷಕರು ಯಾರು, ಮಕ್ಕಳು ಯಾರು ಎಂದು ಗೊತ್ತಾಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪಾಠಕ್ಕೆ ಸಂಬಂಧಿಸಿದ ವಿವರಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ಬೇರೆ ಶಿಕ್ಷಕರಿಗೆ ಬೇಕಾಗುವುದು ಅವೇ.

ನಮ್ಮ ರಾಜ್ಯದ ಹೆಚ್ಚಿನ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತಕ್ಕೆಂದೇ ಶಿಕ್ಷಕರಿರುವುದಿಲ್ಲ. ತರಗತಿಯ ಶಿಕ್ಷಕರೇ ಪದ್ಯಗಳನ್ನು ರಾಗವಾಗಿ ಹೇಳಿಕೊಡುತ್ತಾರೆ, ಪ್ರಾರ್ಥನೆಗೆ ನಾಡಗೀತೆ ಕಲಿಸುತ್ತಾರೆ, ಸ್ವಾತಂತ್ರ್ಯ ದಿನಕ್ಕೆ ಒಂದೆರಡು ಹಾಡು ಸಿದ್ಧಪಡಿಸುತ್ತಾರೆ. ಕಲೆಯನ್ನು ಹತ್ತನೆಯ ತರಗತಿಯವರೆಗೂ ಒಂದು ವಿಷಯವಾಗಿಯೇ ಕಲಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಆದರೆ ಹುದ್ದೆ, ಕೊಠಡಿ, ವಾದ್ಯ ಇವೆಲ್ಲ ಒದಗಬೇಕಲ್ಲ. ಈ ಶಾಲೆಯಲ್ಲಿ ಆಡಳಿತ ಮಂಡಳಿಯೇ ಸಂಬಳ ಕೊಟ್ಟು ಒಬ್ಬ ಯುವ ಗಾಯಕರನ್ನು ನೇಮಿಸಿಕೊಂಡಿತ್ತು. ಅವರನ್ನು ಇಲ್ಲಿ ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ಕರ್ನಾಟಕ ಸಂಗೀತದಲ್ಲಿ ವಿದ್ವತ್ ಪರೀಕ್ಷೆ ಮುಗಿಸಿದ್ದ ಅವರಿಗೆ ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿಗೆ ಪಾಠ ಹೇಳಿ ಅಭ್ಯಾಸವಿತ್ತು. ಇಲ್ಲಿ ಅವರ ಮುಂದೆ ಕುಳಿತದ್ದು ನಾಲ್ಕನೆಯ ತರಗತಿಯ 38 ಮಕ್ಕಳು.

ಮನೆಪಾಠಕ್ಕೂ ಶಾಲೆಯ ಪಾಠಕ್ಕೂ ಇರುವ ಅಂತರವನ್ನು ಸಂಗೀತಗಾರರಿಗೆ ಯಾರೂ ಹೇಳಿಕೊಡುವುದಿಲ್ಲ. ಮನೆಗೆ ಬರುವ ಮಗುವನ್ನು ತಂದೆ ತಾಯಿ ಬೇಕೆಂದೇ ಕಳಿಸಿರುತ್ತಾರೆ. ಅದು ಗುರುಗಳ ಎದುರು ಕುಳಿತು ಹಾಡುತ್ತದೆ, ತಪ್ಪಿದರೆ ಅಲ್ಲೇ ತಿದ್ದಿಸಿಕೊಳ್ಳುತ್ತದೆ. ಶಾಲೆಯಲ್ಲಿ ಒಂದು ಮಗುವನ್ನು ತಿದ್ದುವಷ್ಟು ಹೊತ್ತೂ ಉಳಿದ 37 ಮಕ್ಕಳು ಕಾಯಬೇಕು. ಈ ಪ್ರಕರಣದ ಬೇರು ಇಲ್ಲಿದೆ.

ವಾರಕ್ಕೆ ಎರಡು ಅವಧಿ, ತಲಾ 40 ನಿಮಿಷ. ಒಂದು ಅವಧಿ ಬಿಸಿಯೂಟ ಮುಗಿದ ಕೂಡಲೇ, ಇನ್ನೊಂದು ಶುಕ್ರವಾರದ ಕೊನೆಯದು. ಸಂಗೀತಕ್ಕೆ ಪ್ರತ್ಯೇಕ ಕೊಠಡಿ ಇರಲಿಲ್ಲ. ಸಭಾಂಗಣದ ಒಂದು ಭಾಗಕ್ಕೆ ಮರದ ತಡಿಕೆ ಕಟ್ಟಿ ಏಳನೆಯ ತರಗತಿ ಮಾಡಿದ್ದರು, ಉಳಿದ ಭಾಗದಲ್ಲಿ ಜಮಖಾನ ಹಾಸಿ ಸಂಗೀತ ಪಾಠ. ವಾದ್ಯಗಳೆಂದರೆ ಹಳೆಯ ಹಾರ್ಮೋನಿಯಂ, ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ಎರಡು ಜೊತೆ ತಾಳ, ಒಂದು ಖಂಜಿರ, ಎರಡು ಗೆಜ್ಜೆಪಟ್ಟಿ.

ತೊಂದರೆ ಹೇಗಿತ್ತು

ಜುಲೈ ಹೊತ್ತಿಗೆ ತಡಿಕೆಯ ಆಚೆಯಿಂದ ಗಣಿತದ ಶಿಕ್ಷಕಿಯ ದೂರು ಬರತೊಡಗಿತು. ಆಗಸ್ಟಿನಲ್ಲಿ ಮೇಷ್ಟ್ರ ಗಂಟಲು ಕಟ್ಟಿತು. ಕಚೇರಿ ಹಾಡುವವರಿಗೆ ಗಂಟಲು ಕಟ್ಟುವುದೆಂದರೆ ದುಡಿಮೆಯೇ ನಿಂತಂತೆ. ತರಗತಿಯಲ್ಲಿ ಆಗುತ್ತಿದ್ದುದೆಲ್ಲ ಪ್ರಾಥಮಿಕ ಶಾಲೆಯ ಯಾವ ಶಿಕ್ಷಕರೂ ಗುರುತಿಸಬಲ್ಲ ಸಂಗತಿಗಳೇ. ಜಮಖಾನದ ಮೇಲೆ ಜಾಗಕ್ಕಾಗಿ ತಳ್ಳಾಟ, ಖಂಜಿರಕ್ಕಾಗಿ ಜಗಳ, ಸ್ವರ ಹೇಳಿಕೊಡುವಾಗ ಬೇಕೆಂದೇ ಅರಚುವುದು, ಒಬ್ಬ ತಪ್ಪು ಹಾಡಿದರೆ ಇಡೀ ತರಗತಿಯ ನಗೆ. ಅದರಲ್ಲೂ ಒಬ್ಬ ಹುಡುಗ ಪಾಠದ ನಡುವೆ ಮೇಕೆಯ ಕೂಗು ಹಾಕುತ್ತಿದ್ದ. ಅವನು ಶುರು ಮಾಡಿದರೆ ಹಿಂದಿನ ಎರಡು ಸಾಲುಗಳೂ ಕೂಗುತ್ತಿದ್ದವು, ಪಾಠ ಅಲ್ಲಿಗೆ ಮುಗಿಯುತ್ತಿತ್ತು.

ಮೇಷ್ಟ್ರು ಸುಮ್ಮನೆ ಕುಳಿತಿರಲಿಲ್ಲ. ಉಳಿದ ಶಿಕ್ಷಕರು ಮಾಡುವುದನ್ನೆಲ್ಲ ಅವರೂ ಮಾಡಿ ನೋಡಿದರು. ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯಲು ತರಗತಿಯ ಲೀಡರ್‌ಗೆ ಹೇಳಿದರು. ಹೆಸರು ಬರೆಸಿಕೊಳ್ಳುವುದೇ ಹಿಂದಿನ ಸಾಲಿನವರಿಗೆ ಹೆಮ್ಮೆಯಾಯಿತು. ಇತ್ತ ಲೀಡರ್ ಹುಡುಗಿ 40 ನಿಮಿಷವೂ ಬೋರ್ಡಿಗೆ ಬೆನ್ನು ಕೊಟ್ಟು ನಿಂತು ಕಾವಲು ಕಾಯಬೇಕಾಗಿದ್ದರಿಂದ ಅವಳಿಗೆ ಹಾಡುವ ಪಾಠವೇ ತಪ್ಪಿತು. ಚಾಕೊಲೇಟಿನ ಆಸೆ ತೋರಿಸಿದ್ದು ಕೆಲವು ದಿನ ನಡೆಯಿತು. ಆಮೇಲೆ ಚಾಕೊಲೇಟು ಯಾರಿಗೆ ಸಿಗಬೇಕೆಂಬುದೇ ಹೊಸ ಜಗಳವಾಯಿತು. ಒಂದು ದಿನ ಐದಾರು ಹುಡುಗರನ್ನು ಮಂಡಿಯೂರಿಸಿ ನಿಲ್ಲಿಸಿದಾಗ ಮುಖ್ಯ ಶಿಕ್ಷಕಿ ತಡೆದರು. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸುತ್ತದೆ ಎಂಬುದನ್ನು ಅವರು ಮೇಷ್ಟ್ರಿಗೆ ಬಿಡಿಸಿ ಹೇಳಿದರು. ಅವರು ತಡೆದದ್ದು ಸರಿ. ತಡೆದು ಸುಮ್ಮನಾಗದೆ, ಹಾಗಾದರೆ ಇನ್ನೇನು ಮಾಡಬೇಕು ಎಂಬುದಕ್ಕೆ ದಾರಿ ಹುಡುಕಿದ್ದು ಅದಕ್ಕಿಂತ ಹೆಚ್ಚಿನದು.

ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾದದ್ದು ನಮ್ಮ ಶಾಲೆಗಳ ಹಳೆಯ ಆಜ್ಞೆ: ಕೈ ಕಟ್ಟಿ, ಬಾಯಿಯ ಮೇಲೆ ಬೆರಳಿಡಿ. ಗಣಿತದ ತರಗತಿಯಲ್ಲಿ ಅದು ಒಂದೆರಡು ನಿಮಿಷಕ್ಕಾದರೂ ಕೆಲಸ ಮಾಡೀತು. ಸಂಗೀತದಲ್ಲಿ ಕೈಗೆ ತಾಳದ ಕೆಲಸ, ಬಾಯಿಗೆ ಸ್ವರದ ಕೆಲಸ. ಎರಡನ್ನೂ ಕಟ್ಟಿ ಕೂರಿಸಿ, ಮರುಕ್ಷಣವೇ ‘ಈಗ ಹಾಡಿ’ ಎಂದರೆ ಹೊರಬರುವುದು ಹಾಡಲ್ಲ, ಅಷ್ಟು ಹೊತ್ತು ತಡೆದಿಟ್ಟ ಗಲಾಟೆ. ಈ ಆಜ್ಞೆ ಕೊಟ್ಟ ದಿನಗಳಲ್ಲಿ ಮಕ್ಕಳು ಹಾಡುವುದಕ್ಕಿಂತ ಹೆಚ್ಚು ಕಿರುಚುತ್ತಿದ್ದರು ಎಂದು ಮೇಷ್ಟ್ರೇ ಆಮೇಲೆ ಹೇಳಿದರು.

ಎಲ್ಲಿ ಕೆಡುತ್ತಿತ್ತು ಎಂಬುದರ ಟಿಪ್ಪಣಿ

ಅದೇ ತಾಲ್ಲೂಕಿನ ಇನ್ನೊಂದು ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದ ನನ್ನನ್ನು ಮುಖ್ಯ ಶಿಕ್ಷಕಿ ಕರೆದದ್ದು ಸೆಪ್ಟೆಂಬರಿನಲ್ಲಿ. ‘ಮೇಡಂ, ನೀವು ಬಂದು ಪಾಠ ಮಾಡಿ ತೋರಿಸುವುದು ಬೇಡ. ಹಿಂದೆ ಕುಳಿತು ನೋಡಿ’ ಎಂದರು. ಬಹಳ ವಿವೇಕದ ಮಾತು. ಹೊರಗಿನಿಂದ ಬಂದವರು ಒಂದು ದಿನ ಪಾಠ ಮಾಡಿದರೆ ಮಕ್ಕಳು ಹೊಸಬರ ಕುತೂಹಲಕ್ಕೇ ಸುಮ್ಮನಿರುತ್ತಾರೆ. ಅದರಿಂದ ಆ ತರಗತಿಯ ಶಿಕ್ಷಕರಿಗೆ ಅವಮಾನವಾಗುತ್ತದೆಯೇ ಹೊರತು ಏನೂ ತಿಳಿಯುವುದಿಲ್ಲ.

ನಾನು ಯಾರು ಗಲಾಟೆ ಮಾಡಿದರು ಎಂದು ಬರೆದುಕೊಳ್ಳಲಿಲ್ಲ, ಗಲಾಟೆ ಶುರುವಾದಾಗ ಪಾಠದಲ್ಲಿ ಏನು ನಡೆಯುತ್ತಿತ್ತು ಎಂದು ಬರೆದುಕೊಂಡೆ. ಕೆಲವು ಅವಧಿಗಳ ಟಿಪ್ಪಣಿಗಳನ್ನು ಮೇಷ್ಟ್ರೂ ನಾನೂ ಒಟ್ಟಿಗೆ ಕುಳಿತು ಓದಿದಾಗ ಚಿತ್ರ ಸ್ಪಷ್ಟವಾಯಿತು. ಮಕ್ಕಳು ಒಳಗೆ ಬಂದ ಮೇಲೆ ಹಾರ್ಮೋನಿಯಂ ಬಿಚ್ಚಿ, ಪುಸ್ತಕ ತೆಗೆಸಿ, ಜಾಗ ಸರಿ ಮಾಡುವಷ್ಟರಲ್ಲಿ ಗಲಾಟೆ. ಸ್ವರಗಳನ್ನು ಬೋರ್ಡಿನ ಮೇಲೆ ಬರೆಯಲು ಮೇಷ್ಟ್ರು ತಿರುಗಿದಾಗ ಗಲಾಟೆ. ಒಂದು ಸಾಲಿನಿಂದ ಹಾಡಿಸಿ ಪರೀಕ್ಷಿಸುವಾಗ ಉಳಿದ ಮೂರು ಸಾಲುಗಳಲ್ಲಿ ಗಲಾಟೆ. ವಾದ್ಯ ಹಂಚುವಾಗ ದೊಡ್ಡ ಗಲಾಟೆ. ಇಡೀ ತರಗತಿ ತಾಳ ಹಾಕುತ್ತಾ ಒಟ್ಟಿಗೆ ಹಾಡುವಾಗ ಮಾತ್ರ ಅದು ಬಹಳ ಕಡಿಮೆ. ಆದರೆ ಒಂದು ಅವಧಿಯಲ್ಲಿ ಹಾಗೆ ಒಟ್ಟಿಗೆ ಹಾಡುತ್ತಿದ್ದುದು ಅರ್ಧ ಹೊತ್ತೂ ಇರಲಿಲ್ಲ.

ಮಕ್ಕಳು ಪಾಠವನ್ನು ಕೆಡಿಸುತ್ತಿದ್ದಾರೆ ಎಂದುಕೊಂಡಿದ್ದ ಮೇಷ್ಟ್ರು ಈ ಟಿಪ್ಪಣಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇವರು ಕಾಯುವಾಗ ಕೆಡುತ್ತಾರೆ, ಹಾಡುವಾಗ ಕೆಡುವುದಿಲ್ಲ’ ಎಂದರು. ಅವರ ಈ ಮಾತೇ ಮುಂದಿನ ತಿಂಗಳುಗಳ ಕೆಲಸಕ್ಕೆ ಆಧಾರವಾಯಿತು.

ಟಿಪ್ಪಣಿಯಲ್ಲಿ ಒಂದೇ ಒಂದು ಅಪವಾದವಿತ್ತು. ಎಲ್ಲರೂ ಒಟ್ಟಿಗೆ ಹಾಡುವಾಗಲೂ ಆ ಹುಡುಗನ ಮೇಕೆಯ ಕೂಗು ಬರುತ್ತಿತ್ತು. ಅದು ಯಾವಾಗಲೆಂದರೆ ಆಗ ಬರುತ್ತಿರಲಿಲ್ಲ. ಹಾಡು ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ ಸ್ವರಕ್ಕೆ, ಏರಿದಾಗಲೇ ಬರುತ್ತಿತ್ತು.

ಮೊದಲು ಬದಲಾದದ್ದು ಶ್ರುತಿ

ಶ್ರುತಿಯೆಂದರೆ ಹಾಡುವವರು ಆಧಾರವಾಗಿ ಇಟ್ಟುಕೊಳ್ಳುವ ‘ಸ’ದ ಎತ್ತರ. ಅದನ್ನು ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. ಮೇಷ್ಟ್ರು ಹಾಡುತ್ತಿದ್ದುದು ಒಂದು ಮನೆ ಶ್ರುತಿಯಲ್ಲಿ. ಅವರ ಗಂಟಲಿಗೆ ಅದು ಹದವಾದ ಶ್ರುತಿ, ವರ್ಷಗಟ್ಟಲೆ ಸಾಧನೆ ಮಾಡಿದ ಶ್ರುತಿ. ಪಾಠಕ್ಕೂ ಅದನ್ನೇ ಇಟ್ಟುಕೊಂಡಿದ್ದರು. ಒಂಬತ್ತು ವರ್ಷದ ಮಕ್ಕಳ ದನಿ ಗಂಡಸಿನ ಅಷ್ಟು ಕೆಳಗಿನ ಷಡ್ಜಕ್ಕೆ ಇಳಿಯುವುದಿಲ್ಲ. ಅವರು ಒಂದು ಸ್ಥಾಯಿ ಮೇಲೆ, ಅಂದರೆ ಅದರ ಮೇಲಿನ ‘ಸ’ದಿಂದ, ಹಾಡಬೇಕು. ಹಾಗೆ ಹಾಡಿದರೆ ಮಧ್ಯಸ್ಥಾಯಿಯ ಪಂಚಮದವರೆಗೆ (‘ಪ’) ಸರಿ, ಅಲ್ಲಿಂದ ತಾರ ಷಡ್ಜಕ್ಕೆ (ಮೇಲಿನ ‘ಸ’) ಏರಬೇಕಾದರೆ ತರಬೇತಿ ಇಲ್ಲದ ಮಗು ಕೂಗಲೇಬೇಕು. ಕೆಲವರು ಮೇಷ್ಟ್ರ ದನಿಯನ್ನೇ ಹಿಡಿಯಲು ಹೋಗಿ ಕೆಳಗೆ ಗೊರಗೊರ ಎನ್ನುತ್ತಿದ್ದರು, ಇನ್ನು ಕೆಲವರು ಮೇಲೆ ಹಾರಿ ಕಿರುಚುತ್ತಿದ್ದರು. ಹೊರಗಿನಿಂದ ಕೇಳಿದವರಿಗೆ ಇದು ಅಶಿಸ್ತು. ಗಂಟಲಿನ ಲೆಕ್ಕದಲ್ಲಿ ಆ ಮಕ್ಕಳಿಗೆ ಬೇರೆ ದಾರಿಯೇ ಇರಲಿಲ್ಲ.

ಶ್ರುತಿ ಪೆಟ್ಟಿಗೆಯನ್ನು ಆರು ಮನೆಗೆ, ಅಂದರೆ ಮಕ್ಕಳು ಅದುವರೆಗೆ ಹಾಡುತ್ತಿದ್ದ ಷಡ್ಜಕ್ಕಿಂತ ಸ್ವಲ್ಪ ಕೆಳಗಿನ ಆಧಾರಕ್ಕೆ, ತಿರುಗಿಸಲಾಯಿತು. ಈಗ ಆಧಾರ ಷಡ್ಜದಿಂದ ತಾರ ಷಡ್ಜದವರೆಗೆ ಮಕ್ಕಳ ದನಿ ಹೆಚ್ಚು ಒತ್ತಡವಿಲ್ಲದೆ ಓಡಾಡಬಲ್ಲದು. ಮೇಷ್ಟ್ರಿಗೆ ಇದು ಸುಲಭದ ತೀರ್ಮಾನವಾಗಿರಲಿಲ್ಲ. ಆ ಶ್ರುತಿಯ ಷಡ್ಜ ಅವರಿಗೆ ತೀರಾ ಕೆಳಗೆ, ಅವರ ದನಿಯ ಸೊಗಸು ಅಲ್ಲಿ ಕೇಳಿಸುವುದಿಲ್ಲ. ಮಕ್ಕಳೆದುರು ತಮ್ಮ ಒಳ್ಳೆಯ ದನಿಯನ್ನು ಬಿಟ್ಟುಕೊಡುವುದು ಹಾಡುಗಾರರಿಗೆ ನಿಜವಾದ ತ್ಯಾಗ. ಅದಕ್ಕೆ ಅವರು ಕಂಡುಕೊಂಡ ಉಪಾಯ ಚೆನ್ನಾಗಿತ್ತು. ಮಾದರಿಯಾಗಿ ಕೇಳಿಸುವ ದನಿ ತಮ್ಮದಾಗಬೇಕಿಲ್ಲ ಎಂದು, ಹಾರ್ಮೋನಿಯಂನಲ್ಲಿ ಮಕ್ಕಳ ಸ್ಥಾಯಿಯಲ್ಲೇ ಸ್ವರ ಹಿಡಿದು, ಸ್ವರ ಚೆನ್ನಾಗಿ ನಿಲ್ಲುತ್ತಿದ್ದ ಇಬ್ಬರು ಮೂವರು ಮಕ್ಕಳಿಂದ ಸಾಲನ್ನು ಮೊದಲು ಹಾಡಿಸಿದರು. ಮಗುವಿನ ದನಿಯನ್ನು ಹಿಡಿಯುವುದು ಮಗುವಿಗೆ ಸುಲಭ.

ಮೊದಲ ವಾರದಲ್ಲೇ ಅರಚುವಿಕೆ ಕಡಿಮೆಯಾಯಿತು. ಯಾರನ್ನೂ ಗದರಿಸಿರಲಿಲ್ಲ, ಯಾರಿಗೂ ಬಹುಮಾನ ಕೊಟ್ಟಿರಲಿಲ್ಲ. ಶಿಸ್ತಿನ ಬಗ್ಗೆ ಶಿಕ್ಷಕರಿಗೆ ಕೊಡುವ ಯಾವ ತರಬೇತಿಯಲ್ಲೂ ಶ್ರುತಿಯ ಮಾತು ಬಂದದ್ದನ್ನು ನಾನು ಕೇಳಿಲ್ಲ. ಸಂಗೀತ ತರಗತಿಯ ಗದ್ದಲದಲ್ಲಿ ಒಂದು ದೊಡ್ಡ ಪಾಲು ತಪ್ಪು ಶ್ರುತಿಯಿಂದ ಬರುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಅದಕ್ಕೆ ಮಕ್ಕಳನ್ನು ದೂರುವುದು ಅನ್ಯಾಯ.

ಪಾಠದ ವಸ್ತುವೂ ಬದಲಾಯಿತು. ಮೇಷ್ಟ್ರು ಕ್ರಮದಂತೆ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ, ಅಂದರೆ ಸ್ವರಗಳ ಮೊದಲ ಅಭ್ಯಾಸಪಾಠದಿಂದ, ಶುರು ಮಾಡಿದ್ದರು. ಪುರಂದರದಾಸರು ಹಾಕಿಕೊಟ್ಟರೆಂದು ನಾವೆಲ್ಲ ನಂಬಿ ನಡೆಸುತ್ತಿರುವ ಆ ಪಾಠಕ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದು ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು ತಿದ್ದುವ ಪಾಠ. ಆ ರಾಗದ ‘ರಿ’, ‘ಗ’ಗಳಾದ ಶುದ್ಧ ರಿಷಭವೂ ಅಂತರ ಗಾಂಧಾರವೂ ಸರಿಯಾಗಿ ಕೂರಬೇಕಾದರೆ ಗುರುವಿನ ಕಿವಿ ಪ್ರತಿ ಮಗುವಿನ ಮೇಲಿರಬೇಕು. 38 ಮಕ್ಕಳಲ್ಲಿ ಅದು ಆಗುವುದಿಲ್ಲ, ತಿದ್ದಿಸಿಕೊಳ್ಳದವರು ಬೇಸರದಿಂದ ಕೀಟಲೆಗೆ ಇಳಿಯುತ್ತಾರೆ. ಅದರ ಬದಲು ಮೋಹನ ರಾಗದ ಐದು ಸ್ವರಗಳಲ್ಲಿ ಮೇಷ್ಟ್ರು ಒಂದು ಪುಟ್ಟ ಸಾಲು ಹಾಡುವುದು, ಮಕ್ಕಳು ಅದನ್ನು ತಿರುಗಿಸಿ ಹಾಡುವುದು ಎಂದಾಯಿತು. ಪಕ್ಕಪಕ್ಕದ ಅರೆಸ್ವರಗಳು ಆ ರಾಗದಲ್ಲಿ ಇಲ್ಲದಿರುವುದರಿಂದ ಮಕ್ಕಳು ಸ್ವಲ್ಪ ಜಾರಿದರೂ ಕರ್ಕಶವಾಗುವುದಿಲ್ಲ. ‘ಕ್ರಮ ಬಿಟ್ಟಂತಾಗುವುದಿಲ್ಲವೇ ಮೇಡಂ?’ ಎಂದು ಮೇಷ್ಟ್ರು ಅಳುಕಿದರು. ವರಸೆ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಈ ಮಕ್ಕಳು ಒಟ್ಟಿಗೆ ಹಾಡುವುದನ್ನು ಕಲಿಯಲಿ ಎಂದೆ.

‘ಸೈಲೆನ್ಸ್’ ಬದಲಿಗೆ ತದಿಗಿಣತೊಂ

ತರಗತಿ ಶುರುವಾಗುವ ರೀತಿಯನ್ನು ಮೇಷ್ಟ್ರು ಪೂರ್ತಿ ಬದಲಿಸಿದರು. ಮಕ್ಕಳು ಬರುವ ಮೊದಲೇ ಶ್ರುತಿ ಪೆಟ್ಟಿಗೆ ನುಡಿಯುತ್ತಿರುತ್ತದೆ. ಜಮಖಾನದ ಮೇಲೆ ಸುಣ್ಣದ ಕಡ್ಡಿಯಿಂದ ಸಾಲಿನ ಗುರುತು ಹಾಕಿರುತ್ತಾರೆ. ಮೇಷ್ಟ್ರು ಮಾತಾಡುವುದಿಲ್ಲ, ಆದಿತಾಳ ಹಾಕುತ್ತಾ ಕುಳಿತಿರುತ್ತಾರೆ. ಬಂದವರು ಕುಳಿತು ತಾಳಕ್ಕೆ ಸೇರಿಕೊಳ್ಳುತ್ತಾರೆ. ಒಂದು ಘಾತ (ಅಂಗೈಯಿಂದ ತಟ್ಟುವುದು), ಮೂರು ಬೆರಳೆಣಿಕೆ, ಆಮೇಲೆ ಘಾತ ಬೀಸು (ಅಂಗೈ ಮೇಲಕ್ಕೆ ತಿರುಗಿಸುವುದು), ಘಾತ ಬೀಸು. ಈ ಎಂಟು ಅಕ್ಷರಗಳ (ಎಣಿಕೆಗಳ) ಆವರ್ತ, ಅಂದರೆ ತಾಳದ ಒಂದು ಸುತ್ತು, ಕೈಗೆ ಹತ್ತಿದ ಮೇಲೆ ಮಕ್ಕಳ ಬಾಯಿಯ ಮಾತು ತಾನಾಗಿ ಕಡಿಮೆಯಾಗುತ್ತದೆ, ಏಕೆಂದರೆ ಎಣಿಸುತ್ತಾ ಹರಟುವುದು ಕಷ್ಟ. ಪುಸ್ತಕ ತೆಗೆಸುವುದನ್ನೇ ಕೈಬಿಟ್ಟರು. ಬೋರ್ಡಿನ ಮೇಲೆ ಬರೆಯಬೇಕಾದದ್ದನ್ನು ಊಟದ ಬಿಡುವಿನಲ್ಲೇ ಬರೆದಿಡುತ್ತಿದ್ದರು.

ನಿಲ್ಲಿಸುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಹಾಡು, ತಾಳ, ವಾದ್ಯ ಎಲ್ಲ ನಡೆಯುತ್ತಿರುವಾಗ ‘ಸೈಲೆನ್ಸ್’ ಎಂದು ಕೂಗಿದರೆ ಆ ಕೂಗು ಇನ್ನೊಂದು ಗದ್ದಲವಾಗಿ ಸೇರಿಕೊಳ್ಳುತ್ತದೆ. ಕಚೇರಿಯಲ್ಲಿ ಮೃದಂಗದವರು ಒಂದು ಸೊಲ್ಲನ್ನು ಮೂರು ಸಲ ನುಡಿಸಿ ಮುಕ್ತಾಯ ಮಾಡುವುದನ್ನು ಮೇಷ್ಟ್ರು ತರಗತಿಗೆ ತಂದರು. ಅವರು ಬಾಯಲ್ಲಿ ‘ತದಿಗಿಣತೊಂ’ ಎಂದು ಶುರು ಮಾಡಿದ ಕೂಡಲೇ ಎಲ್ಲರೂ ಜೊತೆಗೆ ಹೇಳಬೇಕು. ಮೂರನೆಯ ತೊಂ ಬೀಳುವಾಗ ಎಲ್ಲರ ಕೈಯೂ ತೊಡೆಯ ಮೇಲೆ, ಆಮೇಲೆ ಒಂದು ಪೂರ್ತಿ ಆವರ್ತ ಮೌನ. ಆ ಮೌನವನ್ನೂ ಮನಸ್ಸಿನಲ್ಲೇ ಎಣಿಸಬೇಕು. ಎಣಿಸಿ ಮುಗಿದ ಕ್ಷಣಕ್ಕೆ ಸರಿಯಾಗಿ ಒಂದೇ ಚಪ್ಪಾಳೆ. ಯಾರ ಚಪ್ಪಾಳೆ ಮೊದಲು ಬಿತ್ತು, ಯಾರದು ತಡವಾಯಿತು ಎಂಬುದು ಮಕ್ಕಳಿಗೇ ಕೇಳಿಸುತ್ತದೆ.

ಇದು ಏಕೆ ನಡೆಯಿತೆಂದರೆ, ನಿಲ್ಲುವುದು ಇಲ್ಲಿ ಶಿಕ್ಷೆಯಲ್ಲ, ಹಾಡಿನದೇ ಒಂದು ಭಾಗ. ಮೂರು ಸಲ ಬರುತ್ತದೆಂದು ಗೊತ್ತಿರುವುದರಿಂದ ದೇಹ ಮೊದಲೇ ಸಿದ್ಧವಾಗುತ್ತದೆ. ಗಲಾಟೆ ಮಾಡುತ್ತಿದ್ದವನೂ ಕೊನೆಯ ತೊಂ ಸರಿಯಾಗಿ ಬೀಳಿಸಲು ಬಯಸುತ್ತಾನೆ. ಗಣಿತದ ಶಿಕ್ಷಕಿ ಒಂದು ದಿನ ತಡಿಕೆಯ ಬಳಿ ಬಂದು, ‘ಆ ಮೂರು ಸಲದ ಆಟ ನಡೆದ ಮೇಲೆ ನನ್ನ ಮಕ್ಕಳೂ ಸುಮ್ಮನಾಗುತ್ತಾರೆ’ ಎಂದರು. ಅವರ ದೂರು ಪೂರ್ತಿ ನಿಂತಿತೆಂದು ಹೇಳಲಾರೆ. ಮರದ ತಡಿಕೆಯ ಪಕ್ಕದಲ್ಲಿ ಹಾಡಿದರೆ ಕೇಳಿಸಿಯೇ ಕೇಳಿಸುತ್ತದೆ. ಆಮೇಲೆ ಬರುತ್ತಿದ್ದ ದೂರು ಸದ್ದಿನದು, ಗದ್ದಲದ್ದಲ್ಲ.

ವಾದ್ಯಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಕೆಲವು ವಾರ ಅವುಗಳನ್ನು ಕಪಾಟಿನಲ್ಲೇ ಇಟ್ಟು, ದಸರಾ ರಜೆಯ ನಂತರ ಹೊರತೆಗೆದರು. ನಿಯಮ ಒಂದೇ: ನಾಲ್ಕು ಆವರ್ತ ನುಡಿಸಿ ಪಕ್ಕದವರಿಗೆ ಕೊಡುವುದು, ಆ ನಾಲ್ಕು ಆವರ್ತವನ್ನು ಎಣಿಸುವುದು ಕಾಯುತ್ತಿರುವವರ ಕೆಲಸ. ಐದನೆಯ ಆವರ್ತಕ್ಕೂ ಖಂಜಿರ ಕೈಬಿಡದವರಿಗೆ ಸಾಲಿನವರೇ ಜ್ಞಾಪಿಸುತ್ತಿದ್ದರು. ಮೇಷ್ಟ್ರು ತೀರ್ಪು ಹೇಳುವ ಅಗತ್ಯ ಬರಲಿಲ್ಲ.

ಮೇಕೆಯ ಕೂಗಿನ ಹುಡುಗ

ಶ್ರುತಿ ಬದಲಾದ ಮೇಲೆ ಉಳಿದವರ ಅರಚಾಟ ಇಳಿದರೂ ಅವನದು ಇಳಿಯಲಿಲ್ಲ. ಕಾರಣ ತಿಳಿಸಿದ್ದು ಅವನ ಪಕ್ಕದಲ್ಲಿ ಕೂರುವ ಹುಡುಗ. ಒಂದು ದಿನ ಮೇಷ್ಟ್ರು ಸಾಲಿನಲ್ಲಿ ಒಬ್ಬೊಬ್ಬರನ್ನೇ ಹಾಡಿಸುತ್ತಾ ಬಂದಾಗ, ಆ ಪಕ್ಕದವನು ಬಹಳ ಸಹಜವಾಗಿ ಹೇಳಿದ: ‘ಅವನು ಹಾಡುವ ಹಾಗಿಲ್ಲ ಸರ್. ಹೋದ ವರ್ಷ ಆಗಸ್ಟ್ ಹದಿನೈದಕ್ಕೆ ಬಾಯಿ ಮಾತ್ರ ಆಡಿಸು ಅಂತ ಹೇಳಿದ್ದರು.’

ವೇದಿಕೆಯ ಹಾಡು ಕೆಡಬಾರದೆಂದು ಸ್ವರ ನಿಲ್ಲದ ಮಕ್ಕಳಿಗೆ ಹೀಗೆ ಹೇಳುವುದು ಶಾಲೆಗಳಲ್ಲಿ ಬಹಳ ಸಾಮಾನ್ಯ. ಹೇಳಿದವರಿಗೆ ಅದು ಮರುದಿನವೇ ಮರೆತುಹೋಗುತ್ತದೆ. ಕೇಳಿಸಿಕೊಂಡ ಮಗು ಅದನ್ನು ಒಂದು ತೀರ್ಪಿನಂತೆ ಹೊತ್ತುಕೊಂಡು ತಿರುಗುತ್ತದೆ. ಈ ಹುಡುಗ ಒಂದು ವರ್ಷದಿಂದ ಸಂಗೀತ ಅವಧಿಯಲ್ಲಿ ಹಾಡಿರಲೇ ಇಲ್ಲ. ತನಗೆ ನಿಲುಕದ ಎತ್ತರಕ್ಕೆ ಎಲ್ಲರೂ ಏರುವ ಹೊತ್ತಿಗೆ, ಬೇರೆ ಯಾರೂ ನಗುವ ಮೊದಲು ತಾನೇ ನಗಿಸುತ್ತಿದ್ದ. ಅವನನ್ನು ಹೊರಗೆ ನಿಲ್ಲಿಸಿದ ದಿನಗಳೆಲ್ಲ ಆ ತೀರ್ಪಿಗೆ ಮತ್ತೊಂದು ಮುದ್ರೆ ಒತ್ತಿದಂತಾಗಿತ್ತು.

ಮೇಷ್ಟ್ರು ಆ ದಿನ ತೆಗೆದುಕೊಂಡ ನಿರ್ಧಾರವನ್ನು ನಾನು ಈ ಪ್ರಕರಣದ ಮುಖ್ಯ ತಿರುವು ಎಂದು ಎಣಿಸುತ್ತೇನೆ. ಅವರು ಅವನಿಗೆ ಏನನ್ನೂ ಕೇಳಲಿಲ್ಲ, ಎಲ್ಲರೆದುರು ಸಮಾಧಾನವನ್ನೂ ಹೇಳಲಿಲ್ಲ. ಮುಂದಿನ ಅವಧಿಯಿಂದ ಹೊಸ ಆಟವೊಂದನ್ನು ಶುರು ಮಾಡಿದರು. ದಿನಕ್ಕೊಂದು ಸಾಲು. ಮೇಷ್ಟ್ರು ಮಗುವಿನ ಹೆಸರನ್ನು ಎರಡು ಸ್ವರಗಳಲ್ಲಿ ಹಾಡಿ ಕರೆಯುತ್ತಾರೆ, ಮಗು ‘ಇದ್ದೇನೆ ಸರ್’ ಎಂದು ತನಗೆ ಬಂದ ಸ್ವರದಲ್ಲಿ ಹಾಡುತ್ತದೆ. ಸರಿ ತಪ್ಪು ಎಂಬುದಿಲ್ಲ. ಮಗು ಕೊಟ್ಟ ಸ್ವರವನ್ನು ಮೇಷ್ಟ್ರು ಹಾರ್ಮೋನಿಯಂನಲ್ಲಿ ಹುಡುಕಿ ಹಿಡಿಯುತ್ತಾರೆ, ಇಡೀ ತರಗತಿ ಅದೇ ಸ್ವರದಲ್ಲಿ ಆ ಮಗುವಿನ ಹೆಸರನ್ನು ಹಾಡುತ್ತದೆ.

ಅವನ ಸರದಿ ಬಂದಾಗ ಅವನು ಮಾತಿನಂತೆಯೇ, ತರಗತಿಯ ಷಡ್ಜಕ್ಕಿಂತ ಸ್ವಲ್ಪ ಕೆಳಗೆ, ಏರಿಳಿತವಿಲ್ಲದೆ ಹೇಳಿದ. ಮೇಷ್ಟ್ರು ಶ್ರುತಿ ಪೆಟ್ಟಿಗೆ ನಿಲ್ಲಿಸಿ ಅವನ ಸ್ವರವನ್ನು ಹಾರ್ಮೋನಿಯಂನಲ್ಲಿ ಹಿಡಿದರು. ತರಗತಿ ಅಲ್ಲಿಗೆ ಇಳಿದು ಹಾಡಿತು. ಅದೇ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡು ‘ಸ ರಿ ಗ ರಿ ಸ’ ಹಾಡಿಸಿದರು. ಆಮೇಲೆ ಇಡೀ ಸಾಲನ್ನು ಒಂದು ಮನೆ ಮೇಲಕ್ಕೆ, ಮತ್ತೊಂದು ಮನೆ ಮೇಲಕ್ಕೆ ಏರಿಸಿದರು. ಮೂರು ನಾಲ್ಕು ಮನೆ ಏರುವವರೆಗೆ ಅವನ ದನಿ ಉಳಿದವರ ಜೊತೆಗೇ ಇತ್ತು. ಸ್ವರ ನಿಲ್ಲದ ಮಗುವಿಗೆ ಕಿವಿ ಇಲ್ಲವೆಂದು ನಾವು ತಿಳಿಯುತ್ತೇವೆ. ಹೆಚ್ಚಿನವರಿಗೆ ಕಿವಿ ಇರುತ್ತದೆ, ಮಾತಿನ ದನಿಯಿಂದ ಹಾಡಿನ ದನಿಗೆ ಏರುವ ಮೆಟ್ಟಿಲು ಸಿಕ್ಕಿರುವುದಿಲ್ಲ. ಮೊದಲು ನಾವು ಮಗು ಇರುವಲ್ಲಿಗೆ ಇಳಿದು, ಅಲ್ಲಿಂದ ಜೊತೆಗೆ ಹತ್ತಬೇಕು.

ಮೇಕೆಯ ಕೂಗು ಅಂದೇ ನಿಂತಿತೆಂದರೆ ಸುಳ್ಳಾಗುತ್ತದೆ. ನವೆಂಬರಿನ ಹೊತ್ತಿಗೆ ಅಪರೂಪವಾಯಿತು. ಅವನು ಪಂಚಮದವರೆಗೆ ಚೆನ್ನಾಗಿ ಹಾಡುತ್ತಿದ್ದ, ಅದರ ಮೇಲೆ ಜಾರುತ್ತಿದ್ದ. ಜಾರಿದಾಗ ಹಾಡು ನಿಲ್ಲಿಸಿ ತಾಳ ಮುಂದುವರಿಸುವುದನ್ನು ತಾನೇ ಕಂಡುಕೊಂಡ. ಮೇಷ್ಟ್ರು ಅದಕ್ಕೆ ಒಪ್ಪಿಗೆ ಕೊಟ್ಟರು.

ಹಿನ್ನಡೆ

ಇಷ್ಟಾದ ಮೇಲೆ ಪ್ರತಿಭಾ ಕಾರಂಜಿ ಬಂತು. ಕ್ಲಸ್ಟರ್ ಮಟ್ಟದ ಸ್ಪರ್ಧೆಗೆ ಭಕ್ತಿಗೀತೆ, ದೇಶಭಕ್ತಿ ಗೀತೆ, ಅಭಿನಯ ಗೀತೆಗಳಿಗೆ ಮಕ್ಕಳನ್ನು ಆರಿಸಬೇಕು. ಮೇಷ್ಟ್ರು ಈ ತರಗತಿಯಿಂದ ನಾಲ್ವರನ್ನು ಆರಿಸಿ, ಸಂಗೀತದ ಅವಧಿಯಲ್ಲೇ ಅವರಿಗೆ ಅಭ್ಯಾಸ ಮಾಡಿಸತೊಡಗಿದರು. ಉಳಿದ 34 ಮಕ್ಕಳಿಗೆ ಮತ್ತೆ ಕಾಯುವ ಕೆಲಸ. ಎರಡು ವಾರ ಕಳೆಯುವಷ್ಟರಲ್ಲಿ ತಳ್ಳಾಟ, ನಗೆ, ಕಿರುಚಾಟ ಎಲ್ಲವೂ ಮರಳಿದವು. ತದಿಗಿಣತೊಂ ಕೂಡ ಬಿರುಸು ಕಳೆದುಕೊಂಡಿತು. ಅದನ್ನು ಸಂಗೀತದ ಮುಕ್ತಾಯವಾಗಿ ಬಳಸದೆ ಬರೀ ಬಾಯಿ ಮುಚ್ಚಿಸಲು ಬಳಸಿದಾಗ ಮಕ್ಕಳಿಗೆ ಆ ವ್ಯತ್ಯಾಸ ತಕ್ಷಣ ತಿಳಿಯಿತು.

ಆಗ ನಡೆದ ಮಾತುಕತೆ ಸ್ವಲ್ಪ ಬಿಸಿಯಾಗಿಯೇ ಇತ್ತು. ಶಾಲೆಗೆ ಬಹುಮಾನ ಬೇಕೆಂದು ಆಡಳಿತ ಮಂಡಳಿಯ ಒತ್ತಡ. ಸ್ಪರ್ಧೆಯಿಂದ ಎಷ್ಟೋ ಹಳ್ಳಿಯ ಮಕ್ಕಳಿಗೆ ಮೊದಲ ವೇದಿಕೆ ಸಿಗುತ್ತದೆ ಎಂಬುದೂ ನಿಜ. ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ನಾಲ್ವರ ಬಹುಮಾನಕ್ಕಾಗಿ 34 ಮಕ್ಕಳ ಪಾಠ ತೆಗೆಯುವ ಹಕ್ಕು ಶಾಲೆಗೆ ಇಲ್ಲ ಎಂದು ನಾನು ಹೇಳಿದೆ. ಮುಖ್ಯ ಶಿಕ್ಷಕಿ ನಡುವೆ ಬಂದು ತೀರ್ಮಾನ ಕೊಟ್ಟರು: ‘ಮೇಷ್ಟ್ರೇ, ಸ್ಪರ್ಧೆಯ ಅಭ್ಯಾಸ ಬೆಳಗಿನ ಪ್ರಾರ್ಥನೆಗೆ ಮುಂಚೆ ಮಾಡಿಸಿ. ಅವಧಿ ತರಗತಿಗೆ ಸೇರಿದ್ದು.’ ಇನ್ನೊಂದು ಉಪಕಾರವನ್ನೂ ಅವರು ಮಾಡಿದರು. ಬಿಸಿಯೂಟದ ನಂತರದ ಅವಧಿಯನ್ನು ಊಟಕ್ಕೆ ಮುಂಚಿನ ಅವಧಿಯೊಂದಿಗೆ ಬದಲಿಸಿಕೊಟ್ಟರು. ಹೊಟ್ಟೆ ತುಂಬಿದ ಕೂಡಲೇ ಉಸಿರು ಹಿಡಿದು ಹಾಡುವುದು ದೊಡ್ಡವರಿಗೂ ಆಗುವುದಿಲ್ಲ. ಶುಕ್ರವಾರದ ಕೊನೆಯ ಅವಧಿಯನ್ನು ಮಾತ್ರ ಬದಲಿಸಲು ಆಗಲಿಲ್ಲ.

ತರಗತಿ ಮತ್ತೆ ಹದಕ್ಕೆ ಬರಲು ಡಿಸೆಂಬರ್ ಪೂರ್ತಿ ಬೇಕಾಯಿತು. ಮಕ್ಕಳೊಂದಿಗೆ ಕಟ್ಟಿಕೊಂಡ ರೂಢಿ ಎರಡು ವಾರದಲ್ಲಿ ಸಡಿಲವಾದರೆ, ಅದನ್ನು ಮತ್ತೆ ಕಟ್ಟಲು ಅದರ ಎರಡರಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಈ ಶಾಲೆಯಲ್ಲಿ ಕಣ್ಣಾರೆ ಕಂಡೆವು.

ಮಾರ್ಚ್ ಹೊತ್ತಿಗೆ

ವರ್ಷದ ಕೊನೆಗೆ ಒಂದು ಅವಧಿಯ ಹೆಚ್ಚಿನ ಭಾಗ ಇಡೀ ತರಗತಿ ಹಾಡುತ್ತಲೋ ತಾಳ ಹಾಕುತ್ತಲೋ ಇರುತ್ತಿತ್ತು. ಸಂಗೀತ ತರಗತಿಯಿಂದ ಯಾರನ್ನೂ ಹೊರಗೆ ಕಳಿಸುವ ಪ್ರಸಂಗ ಜನವರಿಯ ನಂತರ ಬರಲಿಲ್ಲ. ಶುಕ್ರವಾರದ ಅವಧಿ ಕಷ್ಟದ್ದಾಗಿಯೇ ಉಳಿಯಿತು. ಅಂದು ಮೇಷ್ಟ್ರು ಹೊಸ ಪಾಠ ಹೇಳುವುದನ್ನು ಬಿಟ್ಟು, ಕೋಲಾಟದ ಕೋಲು ತರಿಸಿ ನಿಂತು ಆಡುತ್ತಾ ಹಾಡುವ ಹಾಡುಗಳನ್ನು ಇಟ್ಟುಕೊಂಡರು. ಸೋತ ದೇಹವನ್ನು ಕೂರಿಸಿ ಹಾಡಿಸುವುದಕ್ಕಿಂತ ಅದು ಒಳ್ಳೆಯದೇ ಆಯಿತು.

ಬಗೆಹರಿಯದ ಒಂದು ವಿಷಯವೂ ಇದೆ. ಮುಂದಿನ ಸಾಲಿನ ಒಬ್ಬ ಹುಡುಗಿ ವರ್ಷ ಪೂರ್ತಿ ಹಾಡಲಿಲ್ಲ. ತಾಳ ತಪ್ಪುತ್ತಿರಲಿಲ್ಲ, ಗಲಾಟೆ ಮಾಡುತ್ತಿರಲಿಲ್ಲ, ಹೆಸರಿನ ಆಟದಲ್ಲಿ ತನ್ನ ಸರದಿ ಬಂದರೆ ತಲೆ ಅಲ್ಲಾಡಿಸುತ್ತಿದ್ದಳು. ಮನೆಯವರನ್ನು ವಿಚಾರಿಸಿದರೂ ಕಾರಣ ಸಿಗಲಿಲ್ಲ. ಮೇಷ್ಟ್ರು ಒತ್ತಾಯ ಮಾಡಲಿಲ್ಲ, ಆದರೆ ಒಂದು ಸಲವೂ ಅವಳ ಸರದಿಯನ್ನು ದಾಟಿಸಿ ಮುಂದೆ ಹೋಗಲಿಲ್ಲ. ಹೆಸರು ಹಾಡಿ ಕರೆದು, ಒಂದು ಆವರ್ತ ಕಾದು, ಪಕ್ಕದವರನ್ನು ಕರೆಯುತ್ತಿದ್ದರು. ಗಲಾಟೆ ಮಾಡುವ ಮಗುವಿಗೆ ಸಿಗುವ ಗಮನದಲ್ಲಿ ಕಾಲು ಭಾಗವಾದರೂ ಹೀಗೆ ಮೌನವಾಗಿರುವ ಮಗುವಿಗೆ ಸಿಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಶಿಸ್ತಿನ ಲೆಕ್ಕದಲ್ಲಿ ಅವಳು ಯಾರಿಗೂ ತೊಂದರೆಯಲ್ಲವಾದ್ದರಿಂದ ಯಾರ ಟಿಪ್ಪಣಿಯಲ್ಲೂ ಅವಳ ಹೆಸರು ಬರುವುದಿಲ್ಲ.

ಹೊಸ ವರ್ಷಕ್ಕೆ ಮೇಷ್ಟ್ರು ಮುಖ್ಯ ಶಿಕ್ಷಕಿಯ ಮುಂದೆ ಎರಡು ಬೇಡಿಕೆ ಇಟ್ಟರು, ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಸಮೂಹಗೀತೆ ಯಾರೇ ಕಲಿಸಲಿ, ಯಾವ ಸಮಾರಂಭಕ್ಕೇ ಆಗಲಿ, ಯಾವ ಮಗುವಿಗೂ ‘ಬಾಯಿ ಮಾತ್ರ ಆಡಿಸು’ ಎಂದು ಹೇಳಕೂಡದು ಎಂಬುದು ಮೊದಲನೆಯದು. ಜೂನ್‌ನಲ್ಲಿ ಪಾಠ ಶುರು ಮಾಡುವ ಮೊದಲು ಪ್ರತಿ ತರಗತಿಯ ಮಕ್ಕಳ ದನಿ ಎಲ್ಲಿಂದ ಎಲ್ಲಿಯವರೆಗೆ ಓಡಾಡುತ್ತದೆ ಎಂದು ಕೇಳಿ ಶ್ರುತಿ ಗೊತ್ತುಮಾಡಿಕೊಳ್ಳಲು ಒಂದು ವಾರ ಕೊಡಬೇಕು ಎಂಬುದು ಎರಡನೆಯದು. ಈ ಮಕ್ಕಳು ಈಗ ಐದನೆಯ ತರಗತಿಯಲ್ಲಿದ್ದಾರೆ. ಸರಳೆ ವರಸೆ ಶುರುವಾಗಿದೆ, ಆರು ಮನೆ ಶ್ರುತಿಯಲ್ಲೇ.